ಹಳೆ ವರ್ಕ್‌ಸ್ಟೇಷನ್‌ಗೆ ಹೊಸ ಬಿಡಿಭಾಗ: ಎಲ್ಲಿಂದ ಶುರು, ಎಲ್ಲಿಗೆ ಸಾಕು?

ಎಚ್‌ಪಿ ಕಂಪನಿಯ ಜೆಡ್420 ವರ್ಕ್‌ಸ್ಟೇಷನ್ನಿನ ಪಕ್ಕದ ತಗಡು ತೆಗೆಯಲು ಸ್ಕ್ರೂಡ್ರೈವರ್ ಬೇಡ. ಹಿಡಿ ಎತ್ತಿದರೆ ಅದು ಕೈಗೆ ಬರುತ್ತದೆ. ಒಳಗೆ ಕೈ ಹಾಕಬಹುದಾದ ಕಡೆಗಳಲ್ಲೆಲ್ಲ ಹಸಿರು ಗುರುತು: ಇಲ್ಲಿ ಒತ್ತಿದರೆ ಡಿಸ್ಕ್ ಹೊರಗೆ, ಇಲ್ಲಿ ಎತ್ತಿದರೆ ಕಾರ್ಡ್ ಸಡಿಲ. 2012ರಲ್ಲಿ ಬಂದ ಈ ಪೆಟ್ಟಿಗೆಯನ್ನು ರೂಪಿಸಿದವರು ಮುಂದೆ ಯಾರೋ ಇದನ್ನು ಬಿಚ್ಚಿ ರಿಪೇರಿ ಮಾಡುತ್ತಾರೆ ಎಂದು ಲೆಕ್ಕ ಹಾಕಿಯೇ ಮಾಡಿದ್ದಾರೆ. ಇಷ್ಟು ಸಲೀಸಾಗಿ ಬಾಗಿಲು ತೆರೆಯುವ ಯಂತ್ರದಲ್ಲಿ ಹೊಸ ಬಿಡಿಭಾಗಕ್ಕೆ ಅಡ್ಡ ಬರುವುದು ಸ್ಕ್ರೂ ಅಲ್ಲ, ತುಕ್ಕೂ ಅಲ್ಲ. ಫರ್ಮ್‌ವೇರ್‌ನಲ್ಲಿ ಅಡಗಿರುವ ಒಂದು ದಿನಾಂಕ, ಯಾರದ್ದೋ ಪಟ್ಟಿಯಲ್ಲಿ ಇಲ್ಲದ ಒಂದು ಹೆಸರು, ಬೇರೆ ಆಕಾರದ ಒಂದು ಕನೆಕ್ಟರ್. ಹಳೆ ವರ್ಕ್‌ಸ್ಟೇಷನ್‌ಗಳ ಅಪ್‌ಗ್ರೇಡ್ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಗಿಗಾಹರ್ಟ್ಸ್, ಗಿಗಾಬೈಟ್ ಎಂದು ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಈ ಬೀಗಗಳಿಂದ.

ಯಾವ ಯಂತ್ರಗಳ ಮಾತು ಇದು? ಎಚ್‌ಪಿಯ ಜೆಡ್420, ಅದರ ನಂತರ 2014ರಲ್ಲಿ ಬಂದ ಜೆಡ್440, ಡೆಲ್‌ನ ಪ್ರಿಸಿಷನ್ ಟಿ3600, ಟಿ5810, ಲೆನೊವೊದ ಥಿಂಕ್‌ಸ್ಟೇಷನ್ ಪಿ500. ಇಂಟೆಲ್ ಕ್ಸಿಯಾನ್ ಇ5 ಪ್ರೊಸೆಸರ್, ನಾಲ್ಕು ಚಾನೆಲ್ ಮೆಮೊರಿ, ಕ್ವಾಡ್ರೊ ಗ್ರಾಫಿಕ್ಸ್ ಕಾರ್ಡ್ ಹೊತ್ತು ಎಂಜಿನಿಯರಿಂಗ್ ವಿನ್ಯಾಸ ಸಂಸ್ಥೆ, ಆ್ಯನಿಮೇಷನ್ ಸ್ಟುಡಿಯೊಗಳಲ್ಲಿ ದುಡಿದವು. ದೊಡ್ಡ ಕಂಪನಿಗಳು ವಾರಂಟಿ ಮುಗಿದ ಮೇಲೆ ಯಂತ್ರ ಇಟ್ಟುಕೊಳ್ಳುವುದಿಲ್ಲ, ಲಾಟ್ ಲೆಕ್ಕದಲ್ಲಿ ಹೊರಹಾಕುತ್ತವೆ. ಬೆಂಗಳೂರಿನಂಥ ಊರಿನಲ್ಲಿ ಹಾಗೆ ಹೊರಬಿದ್ದವು ಎಸ್‌ಪಿ ರೋಡಿನ ಅಂಗಡಿಗಳ ಮೂಲಕ ಹುಬ್ಬಳ್ಳಿಯ ಆರ್ಕಿಟೆಕ್ಟ್ ಕಚೇರಿಗೋ ಶಿವಮೊಗ್ಗದ ಮದುವೆ ವಿಡಿಯೊ ಎಡಿಟರ್ ಮೇಜಿಗೋ ಸೇರುತ್ತವೆ. ದೆಹಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್‌ಗಳಲ್ಲೂ ಇದೇ ವ್ಯಾಪಾರ.

ಪ್ರಶ್ನೆ ಈಗ ತುರ್ತಾಗಿರುವುದಕ್ಕೆ ಕಾರಣ 2025ರ ಅಕ್ಟೋಬರ್ 14. ಅಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿಯಿತು. ಮನೆ ಬಳಕೆದಾರರಿಗೆ ವಿಸ್ತರಿತ ಭದ್ರತಾ ಅಪ್‌ಡೇಟ್ ಸಿಗುವುದು 2026ರ ಅಕ್ಟೋಬರ್‌ವರೆಗೆ ಮಾತ್ರ. ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನವು ಬಹುತೇಕ ಇಲ್ಲ. ಟಿಪಿಎಂ 2.0 ಬೇರೆ ಬೇಕು. ಜೆಡ್420ರಲ್ಲಿರುವುದು ಟಿಪಿಎಂ 1.2. ರೂಫಸ್ ಎಂಬ ಪುಟ್ಟ ತಂತ್ರಾಂಶದಿಂದ ಈ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಬಹುದು, ಹಾಕಿದರೆ ಓಡುತ್ತದೆ ಕೂಡ. ಆದರೆ ಅಂಥ ಯಂತ್ರಕ್ಕೆ ಮುಂದಿನ ಅಪ್‌ಡೇಟ್‌ನ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಗಿರಾಕಿಯ ಲೆಕ್ಕಪತ್ರ, ಬ್ಯಾಂಕ್ ವ್ಯವಹಾರ ಇರುವ ಯಂತ್ರಕ್ಕೆ ಈ ದಾರಿಯನ್ನು ನಾನಂತೂ ಹೇಳಲಾರೆ. ಲಿನಕ್ಸ್ ಇದ್ದೇ ಇದೆ ಎನ್ನುವವರಿಗೂ ಒಂದು ಮಾತು: ಅಲ್ಲೂ ಗೆರೆ ಎಳೆಯುವುದು ಶುರುವಾಗಿದೆ. 2025ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10 ಓಡಲು ಎವಿಎಕ್ಸ್2 ಸೂಚನೆಗಳನ್ನು ಬಲ್ಲ ಪ್ರೊಸೆಸರ್ ಬೇಕು. ಅವು ಇಂಟೆಲ್‌ನಲ್ಲಿ ಬಂದದ್ದು 2013ರ ಹ್ಯಾಸ್ವೆಲ್ ವಿನ್ಯಾಸದಲ್ಲಿ. ಹಾಗಾಗಿ ಜೆಡ್440 ಒಳಗೆ, ಜೆಡ್420 ಹೊರಗೆ. ಡೆಬಿಯನ್, ಮಿಂಟ್‌ಗಳಿಗೆ ಇಂಥ ತಕರಾರಿಲ್ಲ.

ಈ ಎರಡು ಯಂತ್ರಗಳ ನಡುವೆ ಅಂತರ ಎರಡೇ ವರ್ಷ. ಅಪ್‌ಗ್ರೇಡ್ ಲೆಕ್ಕದಲ್ಲಿ ಮಾತ್ರ ಅದು ಒಂದು ತಲೆಮಾರಿನ ಅಂತರ. ಮುಂದಿನ ಪ್ರತಿ ತೀರ್ಮಾನದಲ್ಲೂ ಇದು ಕಾಣಿಸಿಕೊಳ್ಳುತ್ತದೆ.

ಮೊದಲ ಖರ್ಚು ಎಲ್ಲಿ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇಲ್ಲ. ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ಕೆಲಸದಿಂದ ಬಿಡಿಸಿ ಎಸ್‌ಎಸ್‌ಡಿ ಹಾಕಬೇಕು. ನಿಮಿಷಕ್ಕೆ 7200 ಸುತ್ತು ಎಂದರೆ ಸೆಕೆಂಡಿಗೆ 120. ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು ನಾಲ್ಕು ಮಿಲಿಸೆಕೆಂಡ್. ಸೂಜಿ ಆಚೀಚೆ ಸರಿಯಲು ಇನ್ನೊಂದು ಎಂಟು-ಒಂಬತ್ತು. ಚದುರಿದ ಸಣ್ಣ ಫೈಲುಗಳನ್ನು ಸೆಕೆಂಡಿಗೆ ನೂರರಷ್ಟೂ ಓದಲಾಗದ ಈ ಡಿಸ್ಕಿನ ಮುಂದೆ ಪ್ರೊಸೆಸರ್ ಕೈಕಟ್ಟಿ ನಿಂತಿರುತ್ತದೆ. ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಅದೇ ಕೆಲಸವನ್ನು ಸೆಕೆಂಡಿಗೆ ಸಾವಿರಗಟ್ಟಲೆ ಸಲ ಮಾಡುತ್ತದೆ. ಜನ ‘ಕಂಪ್ಯೂಟರ್ ಸ್ಲೋ’ ಎನ್ನುವ ದೂರಿನಲ್ಲಿ ದೊಡ್ಡ ಪಾಲು ಇಷ್ಟರಲ್ಲೇ ಮುಗಿಯುತ್ತದೆ. ಜೋಡಿಸುವಾಗ ಒಂದು ಎಚ್ಚರ: ಜೆಡ್420ರ ಸಿ602 ಚಿಪ್‌ಸೆಟ್ಟಿನ ಸಾಟಾ ಪೋರ್ಟುಗಳೆಲ್ಲ ಒಂದೇ ವೇಗದವಲ್ಲ. ಎರಡು ಮಾತ್ರ 6 ಗಿಗಾಬಿಟ್, ಉಳಿದವು 3. ಎಸ್‌ಎಸ್‌ಡಿಯನ್ನು ಕೈಗೆ ಸಿಕ್ಕ ವೈರಿಗೆ ಸಿಕ್ಕಿಸಿದರೆ ಅರ್ಧ ವೇಗ ಹೋಯಿತು.

ಎನ್‌ವಿಎಂಇ ಎಸ್‌ಎಸ್‌ಡಿಯ ವಿಷಯಕ್ಕೆ ಬಂದರೆ ಮೊದಲ ಬೀಗ ಎದುರಾಗುತ್ತದೆ. ಪಿಸಿಐಇ 3.0 ಸ್ಲಾಟಿನಲ್ಲಿ ಒಂದು ಅಗ್ಗದ ಅಡಾಪ್ಟರ್ ಇಟ್ಟು ಅದರ ಮೇಲೆ ಎನ್‌ವಿಎಂಇ ಕೂರಿಸಿದರೆ ಸೆಕೆಂಡಿಗೆ 3000 ಮೆಗಾಬೈಟ್ ಮೀರಿ ಓದುವ ವೇಗ ಜೆಡ್420ರಲ್ಲೂ ಸಿಗುತ್ತದೆ. ಆದರೆ ಅದರಿಂದ ಬೂಟ್ ಆಗುವುದು ಆ ಬಯೋಸ್‌ಗೆ ಗೊತ್ತಿಲ್ಲ. ಯುಎಸ್‌ಬಿ ಪೆನ್‌ಡ್ರೈವಿನಲ್ಲಿ ಕ್ಲೋವರ್‌ನಂಥ ಬೂಟ್‌ಲೋಡರ್ ಇಟ್ಟು ಅದರ ಮೂಲಕ ಹೋಗುವ ಅಡ್ಡದಾರಿ ಇದೆ. ನನ್ನ ಅಭಿಪ್ರಾಯದಲ್ಲಿ ಅಷ್ಟು ಒದ್ದಾಟ ಬೇಡ. ವಿಂಡೋಸ್ ಸಾಟಾ ಎಸ್‌ಎಸ್‌ಡಿಯಲ್ಲಿರಲಿ, ವಿಡಿಯೊ ಪ್ರಾಜೆಕ್ಟುಗಳು ಎನ್‌ವಿಎಂಇಯಲ್ಲಿರಲಿ. ಯಂತ್ರ ಏಳುವ ಹೊತ್ತಿನಲ್ಲಿ ಎರಡರ ನಡುವಿನ ವ್ಯತ್ಯಾಸ ಕಣ್ಣಿಗೆ ಬೀಳುವಷ್ಟಿಲ್ಲ. ಜೆಡ್440ಕ್ಕೆ ಈ ತೊಂದರೆಯೇ ಇಲ್ಲ, ಅದು ಎನ್‌ವಿಎಂಇಯಿಂದ ನೇರ ಬೂಟ್ ಆಗುತ್ತದೆ.

ಇದು ಹಾರ್ಡ್‌ವೇರ್‌ನ ಅಶಕ್ತಿಯಲ್ಲ ಎಂಬುದಕ್ಕೆ ಆ್ಯಪಲ್‌ನ ಹಳೆಯ ಮ್ಯಾಕ್ ಪ್ರೊ ಸಾಕ್ಷಿ. 2010 ಮತ್ತು 2012ರ ಆ ಅಲ್ಯೂಮಿನಿಯಂ ಪೆಟ್ಟಿಗೆಗಳು ಎನ್‌ವಿಎಂಇ ಹುಟ್ಟುವ ಹೊತ್ತಿನವು. ಅವುಗಳ ಪಿಸಿಐಇ ಇನ್ನೂ ಹಳೆಯದು, 2.0. ಆದರೂ ಮೊಹಾವೆ ಆಪರೇಟಿಂಗ್ ಸಿಸ್ಟಂ ಜೊತೆ ಆ್ಯಪಲ್ ಬಿಟ್ಟ ಫರ್ಮ್‌ವೇರ್‌ನಿಂದ ಅವು ಎನ್‌ವಿಎಂಇ ಬೂಟ್ ಕಲಿತವು. 2009ರ ಮಾದರಿಗೆ 2010ರ ಫರ್ಮ್‌ವೇರ್ ಹಾಕಿ ಅದನ್ನೂ ಮುಂದಿನ ಮಾದರಿಯನ್ನಾಗಿ ಮಾಡಿಕೊಂಡವರು ಬಹಳ ಮಂದಿ. ತಯಾರಕ ಮನಸ್ಸು ಮಾಡಿದರೆ ಎಂಟು ವರ್ಷದ ಯಂತ್ರಕ್ಕೂ ಹೊಸ ವಿದ್ಯೆ ಬರುತ್ತದೆ. ಮನಸ್ಸು ಮಾಡುವುದು ಅಪರೂಪ, ಅಷ್ಟೆ.

ಮೆಮೊರಿಯಲ್ಲಿ ಎಡವುವವರೇ ಹೆಚ್ಚು. ಟಾಸ್ಕ್ ಮ್ಯಾನೇಜರ್ ತೆರೆದು, ದಿನದ ಅತಿ ಭಾರದ ಕೆಲಸ ನಡೆಯುವಾಗ ಎಷ್ಟು ಬಳಕೆಯಾಗುತ್ತಿದೆ ಎಂದು ನೋಡದೆ ಯಾರೂ ರ‍್ಯಾಮ್ ಕೊಳ್ಳಬಾರದು. ಪುಟವಿನ್ಯಾಸಕ್ಕೆ 16 ಗಿಗಾಬೈಟ್ ಧಾರಾಳ, ದೊಡ್ಡ ಫೋಟೊ ಕೆಲಸಕ್ಕೆ 32, ಮೂರು ಆಯಾಮದ ಚಿತ್ರಣ, ವರ್ಚುವಲ್ ಯಂತ್ರಗಳಿಗೆ 64. ಅದಕ್ಕಿಂತ ಹೆಚ್ಚು ಹಾಕಿದರೆ ಅದು ಖಾಲಿ ಕೂರುತ್ತದೆ. ಇನ್ನು ಯಾವ ಬಗೆಯ ರ‍್ಯಾಮ್? ಸರ್ವರ್‌ಗಳಿಂದ ಕಳಚಿದ ಡಿಡಿಆರ್3 ಪಟ್ಟಿಗಳು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ರಾಶಿ ಸಿಗುತ್ತವೆ, ಬೆಲೆಯೂ ಕಡಿಮೆ. ಅವು ರಿಜಿಸ್ಟರ್ಡ್ ಮಾದರಿ. ಜೆಡ್420 ಕೇಳುವುದು ರಿಜಿಸ್ಟರ್ ಇಲ್ಲದ್ದನ್ನು. ಎರಡರ ಅಳತೆ ಒಂದೇ, ನಡುವಿನ ಕಚ್ಚೂ ಅದೇ ಜಾಗದಲ್ಲಿ, ಸ್ಲಾಟಿನಲ್ಲಿ ಟಕ್ಕೆಂದು ಕೂರುತ್ತದೆ, ಯಂತ್ರ ಮಾತ್ರ ಏಳುವುದಿಲ್ಲ. ಕೊಳ್ಳುವ ಮುನ್ನ ಪಟ್ಟಿಯ ಸ್ಟಿಕ್ಕರನ್ನು ಬೆಳಕಿಗೆ ಹಿಡಿದು ಓದಬೇಕು. ಪಿಸಿ3-12800 ಎಂಬ ಬರಹದ ಬೆನ್ನಿಗೇ ‘ಆರ್’ ಅಕ್ಷರ ಇದ್ದರೆ ಕೆಳಗಿಡಿ. ‘ಇ’ ಇದ್ದರೆ ಅದು ದೋಷ ತಿದ್ದುವ ಇಸಿಸಿ, ಬೇಕಾದದ್ದೇ. ‘ಯು’ ಇದ್ದರೆ ಇಸಿಸಿ ಇಲ್ಲದ ಸಾಮಾನ್ಯ ಪಟ್ಟಿ, ನಡೆಯುತ್ತದೆ. ಸ್ಟಿಕ್ಕರ್ ಹರಿದಿದ್ದರೆ ಚಿಪ್ ಎಣಿಸಿ. ಒಂದು ಮಗ್ಗುಲಲ್ಲಿ ಎಂಟಿದ್ದರೆ ಸಾಮಾನ್ಯ, ಒಂಬತ್ತಿದ್ದರೆ ಇಸಿಸಿ, ನಟ್ಟನಡುವೆ ಬೇರೆ ಆಕಾರದ ಇನ್ನೊಂದು ಚಿಪ್ ಕೂತಿದ್ದರೆ ಹೆಚ್ಚಾಗಿ ಅದೇ ರಿಜಿಸ್ಟರ್. ಜೆಡ್440ರಲ್ಲಿ ಇದು ತಿರುಗಾಮುರುಗಾ: ಅದಕ್ಕೆ ಬೇಕಾದದ್ದು ರಿಜಿಸ್ಟರ್ಡ್ ಡಿಡಿಆರ್4. ಸರ್ವರ್‌ಗಳಿಂದ ಕಳಚಿದ ಡಿಡಿಆರ್4 ರಾಶಿಯೆಲ್ಲ ಅದಕ್ಕೇ ಎಂಬಂತಾಯಿತು.

ಇಸಿಸಿ ನಿಜಕ್ಕೂ ಬೇಕೇ ಎಂದು ಕೇಳುವವರಿದ್ದಾರೆ. ಗೂಗಲ್‌ನ ಸರ್ವರ್‌ಗಳ ಮೇಲೆ ಟೊರಾಂಟೊ ವಿಶ್ವವಿದ್ಯಾಲಯದ ಜೊತೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷವೊಂದರಲ್ಲಿ ನೂರಕ್ಕೆ ಎಂಟಕ್ಕೂ ಹೆಚ್ಚು ಮೆಮೊರಿ ಪಟ್ಟಿಗಳು ತಿದ್ದಬಹುದಾದ ದೋಷ ತೋರಿಸಿದ್ದವು. ಮನೆಯ ಯಂತ್ರಕ್ಕೆ ಆ ಲೆಕ್ಕವನ್ನು ಹಾಗೇ ಹಚ್ಚಲಾಗದು. ಆದರೂ ರಾತ್ರಿಯಿಡೀ ರೆಂಡರಿಂಗ್‌ಗೆ ಬಿಡುವ ಯಂತ್ರದಲ್ಲಿ, ಅದೂ ಹಳೆಯ ಪಟ್ಟಿಗಳ ಮೇಲೆ, ಇಸಿಸಿ ಇರುವುದು ಲೇಸು. ಹೊಸ ಸಾಮಾನ್ಯ ಡೆಸ್ಕ್‌ಟಾಪ್‌ಗಳಲ್ಲಿ ಬಹುಪಾಲು ಇಲ್ಲದ, ಈ ಹಳೆ ಯಂತ್ರಗಳಲ್ಲಿ ಬಿಟ್ಟಿ ಬರುವ ಗುಣ ಇದು. ಇನ್ನೊಂದು, ಪಟ್ಟಿಗಳನ್ನು ನಾಲ್ಕರ ಗುಂಪಿನಲ್ಲಿ ಹಾಕಬೇಕು. ಎರಡೇ ಹಾಕಿದರೆ ನಾಲ್ಕು ಚಾನೆಲ್‌ಗಳಲ್ಲಿ ಎರಡು ಸುಮ್ಮನಿರುತ್ತವೆ.

2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಬೆಲೆ ಜಗತ್ತಿನೆಲ್ಲೆಡೆ ಗಗನಕ್ಕೇರಿದ ಮೇಲೆ ಈ ಅಧ್ಯಾಯದ ಅರ್ಥವೇ ಬದಲಾಗಿದೆ. ಎಐ ಡೇಟಾ ಸೆಂಟರ್‌ಗಳು ಚಿಪ್ ಕಾರ್ಖಾನೆಗಳ ಉತ್ಪಾದನೆಯನ್ನು ಬಾಚಿಕೊಳ್ಳುತ್ತಿವೆ. ಕ್ರೂಶಿಯಲ್ ಹೆಸರಿನಲ್ಲಿ ಜನಸಾಮಾನ್ಯರಿಗೆ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಆ ವ್ಯಾಪಾರದಿಂದಲೇ ಹೊರಬರುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ‘ಹೊಸದನ್ನೇ ತಗೊಳ್ಳಿ, ಹಳೆದಕ್ಕೆ ದುಡ್ಡು ಸುರಿಯಬೇಡಿ’ ಎನ್ನುತ್ತಿದ್ದ ಬುದ್ಧಿವಾದ ಮೊದಲಿನಷ್ಟು ಗಟ್ಟಿಯಾಗಿ ಕೇಳಿಸುತ್ತಿಲ್ಲ.

ಇನ್ನು ಪ್ರೊಸೆಸರ್. ಎಲ್ಲರ ಕಣ್ಣೂ ಇದರ ಮೇಲೆಯೇ, ಮತ್ತು ಕಣ್ಣು ಕುಕ್ಕಲು ಕಾರಣವೂ ಇದೆ. 2016ರಲ್ಲಿ 1745 ಡಾಲರ್ ಬೆಲೆಯಿದ್ದ 14 ಕೋರ್‌ಗಳ ಇ5-2680 ವಿ4 ಇಂದು ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ. ಬಯೋಸ್ ಹೊಸದಿದ್ದರೆ ಜೆಡ್440ರಲ್ಲಿ ಅದು ಕೂರುತ್ತದೆ. ಆದರೆ ಅದರ ಮೂಲ ವೇಗ 2.4 ಗಿಗಾಹರ್ಟ್ಸ್. ಆಟೊಕ್ಯಾಡ್‌ನಲ್ಲಿ ಗೆರೆ ಎಳೆಯುವುದು, ಫೋಟೊಶಾಪ್‌ನ ಬಹುಪಾಲು ಕೆಲಸ, ಬ್ರೌಸರ್, ಇವೆಲ್ಲ ಒಂದೆರಡು ಕೋರ್‌ಗಳ ಮೇಲೇ ನಡೆಯುವವು. ಹದಿನಾಲ್ಕು ಜನ ಹೊಲಿಯಲು ಕೂತರೂ ಒಂದು ಸೂಜಿಗೆ ದಾರ ಪೋಣಿಸುವವನು ಒಬ್ಬನೇ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ ಮಾತು ಇದು: ಹಂಚಲಾಗದ ಕೆಲಸದ ಪಾಲೇ ಒಟ್ಟು ವೇಗದ ಮಿತಿ. ಬ್ಲೆಂಡರ್‌ನಲ್ಲಿ ಪ್ರೊಸೆಸರ್ ಮೇಲೆ ರೆಂಡರ್ ಮಾಡುವವರಿಗೆ, ದೊಡ್ಡ ತಂತ್ರಾಂಶ ಕಂಪೈಲ್ ಮಾಡುವವರಿಗೆ, ನೂರಾರು ಪುಟದ ಹಳೆಯ ಕನ್ನಡ ಪುಸ್ತಕಗಳನ್ನು ಟೆಸರಾಕ್ಟ್‌ನಿಂದ ಒಸಿಆರ್ ಮಾಡಿಸುವವರಿಗೆ ಕೋರ್‌ಗಳು ನಿಜವಾಗಿ ದುಡಿಯುತ್ತವೆ. ಪುಟಗಳನ್ನು ಕೋರ್‌ಗೊಂದರಂತೆ ಹಂಚಿದರೆ ಆಯಿತು. ಟೆಸರಾಕ್ಟ್ ಎವಿಎಕ್ಸ್2 ಇದ್ದರೆ ಅದನ್ನೂ ಬಳಸಿಕೊಳ್ಳುತ್ತದೆ. ಉಳಿದವರು ಕೋರ್ ಎಣಿಸುವುದನ್ನು ಬಿಟ್ಟು, ಕಡಿಮೆ ಕೋರ್ ಇದ್ದರೂ ಹೆಚ್ಚು ಗಿಗಾಹರ್ಟ್ಸ್ ಇರುವ ಇ5-1600 ಸರಣಿಯನ್ನು ಹುಡುಕಬೇಕು. ಅಲ್ಲಿ 1650 ವಿ4ಕ್ಕೆ ಆರು ಕೋರ್, ಮೂಲ ವೇಗ 3.6.

ಜೆಡ್420ರವರಿಗೆ ಇಲ್ಲೊಂದು ವಿಚಿತ್ರ ಬೀಗ ಇದೆ. 2013ರ ವಿ2 ಕ್ಸಿಯಾನ್‌ಗಳು, ಉದಾಹರಣೆಗೆ ಇ5-1650 ವಿ2, ಇದಕ್ಕೆ ಸರಿಯಾದ ಪ್ರೊಸೆಸರ್ ಎಂದು ಎಲ್ಲರೂ ಹೇಳುತ್ತಾರೆ. ಅದು ಕೂರುವ ಜೆಡ್420 ಒಂದು, ಕೂರದ ಜೆಡ್420 ಇನ್ನೊಂದು. ಹೊರಗಿನಿಂದ ಎರಡೂ ಅವಳಿ. ಯಂತ್ರ ಏಳುವಾಗ ಎಫ್10 ಒತ್ತಿ ಬಯೋಸ್‌ಗೆ ಹೋಗಿ ಸಿಸ್ಟಂ ಮಾಹಿತಿಯ ಪುಟದಲ್ಲಿ ಬೂಟ್ ಬ್ಲಾಕ್ ದಿನಾಂಕ ಎಂಬ ಸಾಲು ನೋಡಬೇಕು. 2013 ಎಂದಿದ್ದರೆ ವಿ2 ನಡೆಯುತ್ತದೆ. 2011 ಎಂದಿದ್ದರೆ ಇಲ್ಲ. ಬಯೋಸ್ ಅಪ್‌ಡೇಟ್ ಎಷ್ಟು ಹೊಸದು ಹಾಕಿದರೂ ಈ ಬೂಟ್ ಬ್ಲಾಕ್ ಬದಲಾಗುವುದಿಲ್ಲ. ಬಯೋಸ್ ಚಿಪ್‌ಗೆ ನೇರ ಕ್ಲಿಪ್ ಹಾಕಿ ಬರೆಯುವ ಧೀರರಿದ್ದಾರೆ, ಅದು ಕೈಪಳಗಿದವರ ಕೆಲಸ. ಹಳೆ ಯಂತ್ರ ಕೊಳ್ಳಲು ಅಂಗಡಿಗೆ ಹೋದವರು ‘ಎಷ್ಟು ಜಿಬಿ?’ ಎಂದು ಕೇಳುವ ಮುಂಚೆ ಸ್ವಿಚ್ ಹಾಕಿಸಿ ಎಫ್10 ಒತ್ತಿಸಬೇಕು. ಈ ಒಂದು ಸಾಲಿನ ಮೇಲೆ ಆ ಯಂತ್ರದ ಮುಂದಿನ ದಾರಿ ನಿಂತಿದೆ.

ಪ್ರೊಸೆಸರ್‌ಗೆ ವಯಸ್ಸಾಗುವ ಇನ್ನೊಂದು ಬಗೆ 2018ರ ಜನವರಿಯಲ್ಲಿ ಗೊತ್ತಾಯಿತು. ಮೆಲ್ಟ್‌ಡೌನ್, ಸ್ಪೆಕ್ಟರ್ ದೋಷಗಳಿಗೆ ಹಾಕಿದ ತೇಪೆಗಳು ಹ್ಯಾಸ್ವೆಲ್ ಮತ್ತು ಅದಕ್ಕೂ ಹಿಂದಿನ ಚಿಪ್‌ಗಳನ್ನು ಹೊಸವಕ್ಕಿಂತ ಹೆಚ್ಚು ನಿಧಾನ ಮಾಡುತ್ತವೆ ಎಂದು ಮೈಕ್ರೋಸಾಫ್ಟ್ ತಾನೇ ಒಪ್ಪಿಕೊಂಡಿತ್ತು.

ಗ್ರಾಫಿಕ್ಸ್ ಕಾರ್ಡಿನ ಪ್ರಶ್ನೆ ವಿಡಿಯೊ ಎಡಿಟರ್‌ಗಳಿಗೆ ಎಲ್ಲಕ್ಕಿಂತ ಮುಖ್ಯ. ಇಂದಿನ ಫೋನುಗಳು 4ಕೆ ವಿಡಿಯೊವನ್ನು ಎಚ್‌ಇವಿಸಿ ಬಗೆಯಲ್ಲಿ ಒತ್ತಿ ಇಡುತ್ತವೆ. ಅದನ್ನು ಬಿಚ್ಚಲು ಚಿಪ್ಪಿನೊಳಗೇ ಒಂದು ವಿಶೇಷ ಭಾಗ ಬೇಕು. ಈ ಕ್ಸಿಯಾನ್‌ಗಳಲ್ಲಿ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಇಂಟೆಲ್‌ನ ಕ್ವಿಕ್ ಸಿಂಕ್ ಕೂಡ ಇಲ್ಲ. ಜೊತೆಗೆ ಬಂದ ಕ್ವಾಡ್ರೊ ಕೆ2000ಕ್ಕೆ ಎಚ್‌ಇವಿಸಿ ತಿಳಿಯದು. ಫಲವಾಗಿ ಹತ್ತಾರು ಕೋರ್‌ಗಳ ಯಂತ್ರದಲ್ಲಿ ಫೋನ್ ವಿಡಿಯೊ ತಡವರಿಸುತ್ತದೆ, ಪಕ್ಕದ ಮೇಜಿನ ಅಗ್ಗದ ಲ್ಯಾಪ್‌ಟಾಪ್ ಅದನ್ನೇ ನುಣುಪಾಗಿ ಓಡಿಸುತ್ತದೆ. ಇಲ್ಲಿ ಪ್ರೊಸೆಸರ್ ಬದಲಿಸಿ ದುಡ್ಡು ಕಳೆದುಕೊಂಡವರು ಎಷ್ಟೋ ಜನ, ಬದಲಿಸಬೇಕಾದದ್ದು ಕಾರ್ಡ್.

ಯಾವ ಕಾರ್ಡ್ ಎಂಬುದನ್ನು ಪವರ್ ಸಪ್ಲೈ ನಿರ್ಧರಿಸುತ್ತದೆ. ಜೆಡ್420ರಲ್ಲಿ 400 ವ್ಯಾಟ್‌ನದ್ದೂ ಇದೆ, 600ರದ್ದೂ ಇದೆ, ಲೇಬಲ್ ನೋಡಬೇಕು. ಎಚ್‌ಪಿ, ಡೆಲ್ ಎರಡೂ ತಮ್ಮದೇ ಆಕಾರದ ಪವರ್ ಸಪ್ಲೈ ಇಟ್ಟಿರುವುದರಿಂದ ಅಂಗಡಿಯ ಎಟಿಎಕ್ಸ್ ಪೆಟ್ಟಿಗೆ ತಂದು ತುರುಕಲಾಗದು. ಪ್ರತ್ಯೇಕ ವೈರ್ ಇಲ್ಲದೆ ಸ್ಲಾಟಿನಿಂದಲೇ ಸಿಗುವ 75 ವ್ಯಾಟ್ ಒಳಗಿನ ಕಾರ್ಡ್‌ಗಳು ಹಾಗಾಗಿ ಕ್ಷೇಮ. ಬಹುಕಾಲ ಇದಕ್ಕೆ ಉತ್ತರ 2016ರ ಜಿಟಿಎಕ್ಸ್ 1050 ಟಿಐ ಆಗಿತ್ತು. ಈಗ ಅದು ಬೇಡ. ಆ ಪಾಸ್ಕಲ್ ತಲೆಮಾರಿಗೂ ಅದರ ಹಿಂದಿನ ಮ್ಯಾಕ್ಸ್‌ವೆಲ್‌ಗೂ 580 ಸರಣಿಯೇ ಕೊನೆಯ ಡ್ರೈವರ್ ಎಂದು ಎನ್‌ವಿಡಿಯಾ ಸಾರಿದೆ. 2019ರ ಜಿಟಿಎಕ್ಸ್ 1650, ದುಡ್ಡಿದ್ದರೆ 70 ವ್ಯಾಟ್‌ನ ಆರ್‌ಟಿಎಕ್ಸ್ 3050ರ 6 ಗಿಗಾಬೈಟ್ ಮಾದರಿ ಅಥವಾ ಸೆಕೆಂಡ್‌ಹ್ಯಾಂಡ್ ಆರ್‌ಟಿಎಕ್ಸ್ ಎ2000 ಸರಿ. ಯೂಟ್ಯೂಬ್ ಬಳಸುವ ಎವಿ1 ಬಗೆಯೂ ಕೊನೆಯ ಎರಡಕ್ಕೆ ಬರುತ್ತದೆ. ಇಂಟೆಲ್‌ನ ಆರ್ಕ್ ಕಾರ್ಡ್‌ಗಳು ಅಗ್ಗವೆಂದು ಮನಸ್ಸು ಸೆಳೆಯುತ್ತವೆ. ಅವುಗಳ ಶಕ್ತಿ ಹೊರಬರಲು ಬಯೋಸ್‌ನಲ್ಲಿ ರೀಸೈಜಬಲ್ ಬಾರ್ ಸೌಲಭ್ಯ ಇರಬೇಕು, ಈ ಯಂತ್ರಗಳಲ್ಲಿ ಇಲ್ಲ.

ಬಿಡಿಭಾಗ ಕೊಳ್ಳುವ ಮೊದಲೇ ಮಾಡಬೇಕಾದ ಕೆಲಸಗಳನ್ನು ಬಿಟ್ಟೇಬಿಟ್ಟೆ: ಧೂಳು ಹೊಡೆಯುವುದು, ಪ್ರೊಸೆಸರ್ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚುವುದು, ಸಿಆರ್2032 ಬಟನ್ ಸೆಲ್ ಬದಲಿಸುವುದು. ನೂರಿನ್ನೂರು ರೂಪಾಯಿಯ ಬಾಬತ್ತು. ಫ್ಯಾನ್ ಸದ್ದು ಇಳಿಯುವುದು ಇದರಿಂದಲೇ.

ಕನ್ನಡದ ಡಿಟಿಪಿ ಅಂಗಡಿಗಳ ಕಥೆ ಸ್ವಲ್ಪ ಬೇರೆ. 2001ರಲ್ಲಿ ಬಂದ ಪೇಜ್‌ಮೇಕರ್ 7, ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಹಾಕಿಟ್ಟ ವರ್ಷಗಳ ಕಡತ, ಕೆಲವು ಕಡೆ ಹಳೆಯ ಲಿಪಿ ತಂತ್ರಾಂಶದ ಡಾಂಗಲ್. ಇವುಗಳಿಗಾಗಿಯೇ ಮೂಲೆಯಲ್ಲೊಂದು ಎಕ್ಸ್‌ಪಿ ಯಂತ್ರ ಉಸಿರಾಡುತ್ತಿರುತ್ತದೆ, ಒಂದು ದಿನ ಅದರ ಡಿಸ್ಕ್ ಕೈಕೊಡುತ್ತದೆ. ಹಳೆ ವರ್ಕ್‌ಸ್ಟೇಷನ್ ಇಂಥ ಕಡೆ ಹೇಳಿ ಮಾಡಿಸಿದ್ದು. ಲಿನಕ್ಸ್ ಹಾಕಿ, ಅದರೊಳಗೆ ವರ್ಚುವಲ್ ಯಂತ್ರವಾಗಿ ಆ ಎಕ್ಸ್‌ಪಿಯನ್ನು ಇಂಟರ್ನೆಟ್ ಕೊಡದೆ ಇಟ್ಟರೆ ಇಡೀ ಅಂಗಡಿಯ ಹಳೆ ಕೆಲಸ ಒಂದೇ ಫೈಲಾಗುತ್ತದೆ, ಅದನ್ನು ನಕಲು ಮಾಡಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬಹುದು. ಯುಎಸ್‌ಬಿ ಡಾಂಗಲ್ ಆದರೆ ಒಳಗಿನ ಯಂತ್ರಕ್ಕೆ ದಾಟಿಸಬಹುದು. ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಹಳೆ ಡಾಂಗಲ್ ಆದರೆ ಕಷ್ಟ.

ಎಲ್ಲಿಗೆ ಸಾಕು ಎಂಬುದು ಕರೆಂಟ್ ಬಿಲ್ಲಿನಿಂದ ಶುರುವಾಗುತ್ತದೆ. ಈ ಯಂತ್ರಗಳು ಏನೂ ಮಾಡದೆ ಕೂತಿರುವಾಗಲೇ ಸುಮಾರು 70 ವ್ಯಾಟ್ ತಿನ್ನುತ್ತವೆ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಎಂದರೆ 168 ಯೂನಿಟ್, ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ ಸಾವಿರ ರೂಪಾಯಿ. ಇದು ದೊಡ್ಡದಲ್ಲ. ಆದರೆ ಮನೆಯ ಫೈಲ್ ಸರ್ವರ್ ಮಾಡುತ್ತೇನೆಂದು ಹಗಲೂ ರಾತ್ರಿ ಬಿಟ್ಟರೆ ತಿಂಗಳಿಗೆ 50 ಯೂನಿಟ್. ಕರ್ನಾಟಕದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ ಮನೆಯ 2022-23ರ ಸರಾಸರಿ ಬಳಕೆಯ ಆಧಾರದಲ್ಲಿ ಮಿತಿ ಇಟ್ಟಿರುವುದರಿಂದ ಆ 50 ಯೂನಿಟ್ ನೇರ ಬಿಲ್ಲಿನಲ್ಲಿ ಕಾಣಿಸಿಕೊಳ್ಳಬಹುದು. ಆ ಕೆಲಸಕ್ಕೆ ಹತ್ತು ವ್ಯಾಟ್ ಸುತ್ತಮುತ್ತ ಬಳಸುವ ಇಂಟೆಲ್ ಎನ್100ರ ಅಂಗೈಯಗಲದ ಡಬ್ಬಿ ಮೇಲು. 2023ರ ಆ ಪುಟ್ಟ ಚಿಪ್ಪಿನ ಒಂದು ಕೋರ್, ಇ5-1650 ವಿ2ರ ಒಂದು ಕೋರಿಗೆ ಹೆಚ್ಚುಕಡಿಮೆ ಸಮ.

ನನ್ನ ತೀರ್ಪು ಇಷ್ಟು: ಜೆಡ್420 ಮತ್ತು ಆ ಕಾಲದ ಯಂತ್ರ ಈಗಾಗಲೇ ನಿಮ್ಮ ಬಳಿ ಇದ್ದರೆ ಸಾಟಾ ಎಸ್‌ಎಸ್‌ಡಿ, ಬೇಕಾದಷ್ಟು ರ‍್ಯಾಮ್, ಲಿನಕ್ಸ್, ಅಲ್ಲಿಗೆ ನಿಲ್ಲಿಸಿ. ಹೊಸದಾಗಿ ಕೊಳ್ಳುವುದಂತೂ ಬೇಡ. ಜೆಡ್440, ಟಿ5810, ಪಿ500ರ ತಲೆಮಾರಿಗೆ ಗ್ರಾಫಿಕ್ಸ್ ಕಾರ್ಡಿನವರೆಗೂ ಖರ್ಚು ಮಾಡಬಹುದು. ಒಟ್ಟು ಖರ್ಚು ಕೋರ್ ಐ5-12400ರಂಥ ಪ್ರೊಸೆಸರ್ ಇರುವ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪಿನ ಬೆಲೆಯ ಅರ್ಧ ದಾಟಿದರೆ ಕೈಬಿಡಿ. ಒಂದು ಕೋರಿನ ವೇಗದಲ್ಲಿ ಅದು ಇವಕ್ಕಿಂತ ಬಹಳ ಮುಂದಿದೆ, ವಿಂಡೋಸ್ 11ರ ಪಟ್ಟಿಯಲ್ಲೂ ಇದೆ. ಪೆಟ್ಟಿಗೆ ಉಳಿಸಿಕೊಂಡು ಒಳಗೆ ಹೊಸ ಮದರ್‌ಬೋರ್ಡ್ ಕೂರಿಸುತ್ತೇನೆ ಎಂಬ ಆಸೆಗೂ ಆ ಸ್ವಂತ ಆಕಾರದ ಪವರ್ ಸಪ್ಲೈ, ಕನೆಕ್ಟರ್‌ಗಳೇ ಅಡ್ಡಿ.

ಹೊರಹಾಕುವಾಗ ರ‍್ಯಾಮ್ ಕಳಚಿ ಬೇರೆ ಮಾರಿ, ಈಗ ಅದಕ್ಕೆ ಬೆಲೆಯಿದೆ. ಉಳಿದದ್ದನ್ನು 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಡಿ ನೋಂದಾಯಿತರಾದವರಿಗೆ ಕೊಡಿ, ಗುಜರಿ ಗಾಡಿಗಲ್ಲ. ಡಿಸ್ಕ್ ಕೊಡುವ ಮುನ್ನ ಫಾರ್ಮ್ಯಾಟ್ ಮಾಡಿದರೆ ಸಾಲದು. ಹಾರ್ಡ್ ಡಿಸ್ಕ್ ಆದರೆ ಪೂರ್ತಿ ಸೊನ್ನೆ ಬರೆಸಿ, ಎಸ್‌ಎಸ್‌ಡಿ ಆದರೆ ತಯಾರಕರ ತಂತ್ರಾಂಶದಲ್ಲಿರುವ ಸೆಕ್ಯೂರ್ ಎರೇಸ್ ಬಳಸಿ. ಗಿರಾಕಿಗಳ ಮದುವೆ ಆಲ್ಬಂಗಳೂ ಆಧಾರ್ ಪ್ರತಿಗಳೂ ಅದರಲ್ಲೇ ಇರುತ್ತವೆ.